ಮರದ ಧೂಳಿಗೆ ಯಾವ ಯಂತ್ರ: ವ್ಯಾಕ್ಯೂಮ್, ಎಕ್ಸ್‌ಟ್ರಾಕ್ಟರ್, ಡಸ್ಟ್ ಕಲೆಕ್ಟರ್

ಮರಗೆಲಸದ ಮೆಷಿನ್‌ಗಳಿಗೆ ವ್ಯಾಕ್ಯೂಮ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ವ್ಯಾಟ್ ಲೆಕ್ಕ: 1200, 1600, 2000. ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನಷ್ಟೇ ಈ ಅಂಕಿ ಹೇಳುತ್ತದೆ, ಎಷ್ಟು ಧೂಳು ಹಿಡಿಯುತ್ತದೆ ಎಂಬುದನ್ನಲ್ಲ. ನಿಮ್ಮ ಕೈಯಲ್ಲಿರುವ ಮೆಷಿನ್‌ನಿಂದ ಏನು ಹೊರಬೀಳುತ್ತದೆ ಎಂದು ನೋಡಿಕೊಂಡೇ ಆಯ್ಕೆ ಶುರುಮಾಡಬೇಕು.

ಹಲಗೆಯ ದಪ್ಪ ಸಮ ಮಾಡುವ ಥಿಕ್‌ನೆಸರ್, ಮೇಲ್ಮೈ ಹೆರೆಯುವ ಪ್ಲೇನರ್, ಟೇಬಲ್ ಸಾ, ಲೇತ್‌ಗಳಿಂದ ಬರುವುದು ಸಿಪ್ಪೆ ಮತ್ತು ಒರಟು ಹೊಟ್ಟು. ಹಗುರವಾದರೂ ಚೀಲಗಟ್ಟಲೆ ಬರುತ್ತದೆ. ಇದನ್ನು ಸಾಗಿಸಲು ಅಗಲವಾದ ಪೈಪು ಮತ್ತು ಧಾರಾಳ ಗಾಳಿ ಬೇಕು, ಎಳೆತ ಸಾಧಾರಣವಾಗಿದ್ದರೂ ಸಾಕು. ಉಜ್ಜುವ ಸ್ಯಾಂಡರ್, ಅಂಚು ಕೊರೆಯುವ ರೂಟರ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕೊಯ್ಯುವ ಸರ್ಕ್ಯುಲರ್ ಸಾಗಳಿಂದ ಬರುವುದು ಹಿಟ್ಟು. ಮೆಷಿನ್‌ನ ಸಣ್ಣ ತೂತುಗಳಿಂದ, ಕಿರಿದಾದ ಪೈಪಿನ ಮೂಲಕ ಅದನ್ನು ಎಳೆಯಬೇಕು. ಅದಕ್ಕೆ ಗಾಳಿಯ ಪ್ರಮಾಣಕ್ಕಿಂತ ಎಳೆತದ ಬಲ ಮುಖ್ಯ. ಎಳೆದ ಮೇಲೆ ಆ ಹಿಟ್ಟನ್ನು ಹಿಡಿದಿಡುವ ಫಿಲ್ಟರ್ ಇನ್ನೂ ಮುಖ್ಯ.

ಈ ಎರಡು ಕೆಲಸಗಳನ್ನೂ ಒಂದೇ ಯಂತ್ರ ಚೆನ್ನಾಗಿ ಮಾಡಲಾರದು ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಮರದ ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಪೈಪಿನ ಒಳ ಅಳತೆ 36 ಮಿ.ಮೀ. ಇದ್ದರೆ ಗಂಟೆಗೆ 73 ಘನ ಮೀಟರ್ ಗಾಳಿಗೆ ಆ ವೇಗ ಬರುತ್ತದೆ. 100 ಮಿ.ಮೀ. ಪೈಪಿಗೆ ಬೇಕಾಗುವುದು 565 ಘನ ಮೀಟರ್. ಪೈಪಿನ ತುದಿಯಲ್ಲಿ ಗಂಟೆಗೆ 130 ಘನ ಮೀಟರ್ ಎಳೆಯುವ ಒಳ್ಳೆಯ ವ್ಯಾಕ್ಯೂಮನ್ನು ತಂದು ಥಿಕ್‌ನೆಸರ್‌ನ 100 ಮಿ.ಮೀ. ಬಾಯಿಗೆ ಸಿಕ್ಕಿಸಿದರೆ ಅಲ್ಲಿನ ವೇಗ ಸೆಕೆಂಡಿಗೆ ಐದು ಮೀಟರ್ ಕೂಡ ಮುಟ್ಟುವುದಿಲ್ಲ, ಸಿಪ್ಪೆ ಬಾಯಲ್ಲೇ ಗುಡ್ಡೆಯಾಗುತ್ತದೆ. ತಿರುಗಿಸಿ ನೋಡಿದರೂ ಅಷ್ಟೇ. 2 ಎಚ್‌ಪಿ ಡಸ್ಟ್ ಕಲೆಕ್ಟರ್‌ಗೆ ರಿಡ್ಯೂಸರ್ (ದೊಡ್ಡ ಬಾಯಿಯನ್ನು ಕಿರಿದಾಗಿಸುವ ತುಂಡು) ಹಾಕಿ ಸ್ಯಾಂಡರ್‌ನ 27 ಮಿ.ಮೀ. ಪೈಪು ಜೋಡಿಸಿದರೆ ಗಾಳಿ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಅದರ ಫ್ಯಾನು ಕೊಡುವ ಎಳೆತ ಎರಡು ಎರಡೂವರೆ ಕಿಲೋಪ್ಯಾಸ್ಕಲ್ ಅಷ್ಟೇ. ವ್ಯಾಕ್ಯೂಮ್ ಕೊಡುವುದು 20ರಿಂದ 25.

ಡಬ್ಬದ ಮೇಲೆ ನೋಡಬೇಕಾದ ಅಂಕಿಗಳು ಈ ಎರಡೇ: ಗಾಳಿಯ ಪ್ರಮಾಣ ಮತ್ತು ಗರಿಷ್ಠ ಎಳೆತ. ಗಾಳಿಯನ್ನು ಒಬ್ಬರು ನಿಮಿಷಕ್ಕೆ ಲೀಟರ್‌ನಲ್ಲಿ ಬರೆದರೆ ಇನ್ನೊಬ್ಬರು ಸಿಎಫ್‌ಎಂನಲ್ಲಿ (ನಿಮಿಷಕ್ಕೆ ಘನ ಅಡಿ) ಬರೆಯುತ್ತಾರೆ. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ 28.3 ಲೀಟರ್. ಎಳೆತ ಮಿಲಿಬಾರ್‌ನಲ್ಲಿದ್ದರೆ ಹತ್ತರಿಂದ ಭಾಗಿಸಿದಾಗ ಕಿಲೋಪ್ಯಾಸ್ಕಲ್ ಸಿಗುತ್ತದೆ. ಈ ಎರಡೂ ಒಟ್ಟಿಗೆ ಸಿಗುವ ಅಂಕಿಗಳಲ್ಲ. ಪೈಪು ಪೂರ್ತಿ ತೆರೆದಿದ್ದಾಗ ಗಾಳಿ ಗರಿಷ್ಠ, ಪೂರ್ತಿ ಮುಚ್ಚಿದಾಗ ಎಳೆತ ಗರಿಷ್ಠ. ನಿಮ್ಮ ಕೆಲಸ ನಡೆಯುವುದು ನಡುವೆ ಎಲ್ಲೋ. ಗಾಳಿಯ ಅಂಕಿಯನ್ನು ಕೆಲವರು ಪೈಪು ಸಿಕ್ಕಿಸದೆ, ಟರ್ಬೈನ್ (ಗಾಳಿ ಎಳೆಯುವ ಫ್ಯಾನು) ಹತ್ತಿರವೇ ಅಳೆದು ಬರೆಯುತ್ತಾರೆ. ಪೈಪು ಮತ್ತು ಫಿಲ್ಟರ್ ಸೇರಿದ ಮೇಲೆ ಅದು ಸುಮಾರು ಅರ್ಧಕ್ಕೆ ಇಳಿಯಬಹುದು. ಎರಡು ಮಾಡೆಲ್ ಹೋಲಿಸುವಾಗ ಇಬ್ಬರೂ ಒಂದೇ ಕಡೆ ಅಳೆದಿದ್ದಾರೆಯೇ ಎಂದು ನೋಡಿಕೊಳ್ಳಿ.

ಇನ್ನು ಒಂದೊಂದೇ ಬಗೆ.

ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ. ಹೆಚ್ಚಿನವುಗಳಲ್ಲಿ ಒಳಗೆಳೆದ ಗಾಳಿಯೇ ಮೋಟಾರನ್ನು ತಂಪು ಮಾಡುತ್ತದೆ. ಮರದ ಹಿಟ್ಟು ಹತ್ತು ನಿಮಿಷದಲ್ಲಿ ಅದರ ಪುಟ್ಟ ಫಿಲ್ಟರನ್ನು ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ, ಮೋಟಾರ್ ಕಾದು ಸುಟ್ಟು ಹೋಗುತ್ತದೆ. ಫಿಲ್ಟರ್ ದಾಟಿದ ನಯವಾದ ಧೂಳು ಬೇರಿಂಗ್‌ಗೆ ಸೇರುವುದು ಬೇರೆ.

ಒಣ ಮತ್ತು ಒದ್ದೆ ಎರಡನ್ನೂ ಎಳೆಯುವ ವರ್ಕ್‌ಶಾಪ್ ವ್ಯಾಕ್ಯೂಮ್ ಮುಂದಿನದು. ಇದರ ಮೋಟಾರ್‌ಗೆ ತಂಪಿನ ಗಾಳಿ ಬೇರೆ ದಾರಿಯಿಂದ ಬರುವುದರಿಂದ ಪೈಪು ಕಟ್ಟಿಕೊಂಡರೂ ತಕ್ಷಣ ಸುಡುವುದಿಲ್ಲ. ನೆಲ ಗುಡಿಸಲು, ಸಿಪ್ಪೆ ಎತ್ತಲು, ಅಪರೂಪಕ್ಕೊಮ್ಮೆ ಸ್ಯಾಂಡರ್‌ಗೆ ಜೋಡಿಸಲು ಸಾಕು. ಕೊರತೆ ಇರುವುದು ಫಿಲ್ಟರ್‌ನಲ್ಲಿ. ಜೊತೆಗೆ ಕೊಡುವ ಸ್ಪಂಜು ನೀರಿಗೆ ಮಾತ್ರ, ಅದನ್ನು ಹಾಕಿಕೊಂಡು ಮರದ ಧೂಳು ಎಳೆದರೆ ನಯವಾದದ್ದೆಲ್ಲ ಹಿಂದಿನಿಂದ ಹೊರಬಂದು ಇಡೀ ಕೋಣೆಗೆ ಹರಡುತ್ತದೆ. ಕಣ್ಣಿಗೆ ಕಾಣುವ ಹೊಟ್ಟು ಡ್ರಮ್ಮಿನಲ್ಲಿ, ಕಾಣದ ಧೂಳು ಉಸಿರಿನಲ್ಲಿ: ಇದು ಯಂತ್ರವೇ ಇಲ್ಲದಿದ್ದಕ್ಕಿಂತ ಕೆಟ್ಟ ಸ್ಥಿತಿ, ಏಕೆಂದರೆ ನೆಲ ಸ್ವಚ್ಛ ಕಂಡದ್ದೇ ಮಾಸ್ಕ್ ತೆಗೆದಿಡುತ್ತಾರೆ. ಮಡಿಕೆಗಳಿರುವ ಕಾರ್ಟ್ರಿಡ್ಜ್ ಫಿಲ್ಟರ್ ಹಾಕಿ, ಒಳಗೆ ಫ್ಲೀಸ್ ಬ್ಯಾಗ್ (ಧೂಳು ತುಂಬಿಕೊಳ್ಳುವ ಬಟ್ಟೆಯಂಥ ಚೀಲ) ಕೂರಿಸಿದರೆ ಈ ಯಂತ್ರ ಬಹಳ ಸುಧಾರಿಸುತ್ತದೆ.

ಮೂರನೆಯದು ಪವರ್ ಟೂಲ್‌ಗಳಿಗೆಂದೇ ಮಾಡಿದ ಡಸ್ಟ್ ಎಕ್ಸ್‌ಟ್ರಾಕ್ಟರ್. ಬಾಷ್, ಮಕಿಟಾ, ಫೆಸ್ಟೂಲ್, ಕಾರ್ಷರ್ ಮೊದಲಾದ ಕಂಪನಿಗಳ ಸಾಲಿನಲ್ಲಿ ಇವು ಸಿಗುತ್ತವೆ. ಟೂಲ್ ಸಿಕ್ಕಿಸುವ ಸಾಕೆಟ್ ಇದರ ಮೈಮೇಲೇ ಇರುತ್ತದೆ. ಟೂಲ್ ಆನ್ ಮಾಡಿದೊಡನೆ ಎಕ್ಸ್‌ಟ್ರಾಕ್ಟರ್ ಶುರುವಾಗುತ್ತದೆ, ಆಫ್ ಮಾಡಿದ ಮೇಲೂ ಕೆಲವು ಸೆಕೆಂಡು ಓಡಿ ಪೈಪಿನಲ್ಲಿ ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಈ ಸೌಲಭ್ಯಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥವಲ್ಲ. ಪ್ರತಿ ಸಲ ಬಗ್ಗಿ ಸ್ವಿಚ್ ಹಾಕಬೇಕಾದ ಯಂತ್ರವನ್ನು ಸಣ್ಣ ಕೊಯ್ತಕ್ಕೆ ಯಾರೂ ಹಾಕುವುದಿಲ್ಲ, ದಿನದ ಧೂಳಿನಲ್ಲಿ ದೊಡ್ಡ ಪಾಲು ಬರುವುದು ಅಂಥ ಸಣ್ಣ ಕೊಯ್ತಗಳಿಂದಲೇ. ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ತನ್ನಷ್ಟಕ್ಕೆ ಸ್ವಚ್ಛವಾಗುತ್ತದೆ. ಸುಮಾರು 15 ಸೆಕೆಂಡಿಗೊಮ್ಮೆ ಗಾಳಿಯನ್ನು ಹಿಂದಕ್ಕೆ ಹೊಡೆದು ಧೂಳು ಉದುರಿಸುತ್ತವೆ. ಬರಿ ಮರಗೆಲಸಕ್ಕೆ ಇದು ಅನಿವಾರ್ಯವೇನಲ್ಲ. ವಾಲ್ ಪುಟ್ಟಿ, ಜಿಪ್ಸಂ ಉಜ್ಜುವ ಇಂಟೀರಿಯರ್ ತಂಡಕ್ಕೆ ಬೇಕೇ ಬೇಕು, ಪುಟ್ಟಿಯ ಹಿಟ್ಟು ಮರದ ಹಿಟ್ಟಿಗಿಂತ ಬಹಳ ಬೇಗ ಫಿಲ್ಟರನ್ನು ಮುಚ್ಚುತ್ತದೆ.

ನಾಲ್ಕನೆಯದು ಚಕ್ರದ ಮೇಲೆ ನಿಲ್ಲುವ, ಮೇಲೊಂದು ಕೆಳಗೊಂದು ಬಟ್ಟೆ ಚೀಲ ಇರುವ ಡಸ್ಟ್ ಕಲೆಕ್ಟರ್. ಇದರ ಇಂಡಕ್ಷನ್ ಮೋಟಾರ್‌ಗೆ ಕಾರ್ಬನ್ ಬ್ರಷ್ ಇಲ್ಲ, ದಿನವಿಡೀ ಓಡಿದರೂ ಬೇಸರವಿಲ್ಲ, ಸದ್ದೂ ಕಡಿಮೆ. ಒಂದೇ ಥಿಕ್‌ನೆಸರ್ ಅಥವಾ ಟೇಬಲ್ ಸಾ ಇರುವ ಶೆಡ್ಡಿಗೆ 2 ಎಚ್‌ಪಿ ಸಾಕು, ಆದರೆ ಒಂದು ಸಲಕ್ಕೆ ಒಂದೇ ಮೆಷಿನ್‌ನ ಬಾಯಿ ತೆರೆದಿರಬೇಕು. ಉಳಿದವಕ್ಕೆ ಬ್ಲಾಸ್ಟ್ ಗೇಟ್ ಎನ್ನುವ ಜಾರು ಬಾಗಿಲು ಹಾಕಿ. ಇದರ ದೌರ್ಬಲ್ಯ ಮೇಲಿನ ಚೀಲ. ಕಡಿಮೆ ಬೆಲೆಯವುಗಳ ಚೀಲ 30 ಮೈಕ್ರಾನ್‌ನದ್ದು (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ). ಶ್ವಾಸಕೋಶದ ಒಳಕ್ಕೆ ಇಳಿಯುವುದು 10 ಮೈಕ್ರಾನ್‌ಗಿಂತ ಸಣ್ಣ ಕಣ, ಅದು ಚೀಲವನ್ನು ಸಲೀಸಾಗಿ ದಾಟುತ್ತದೆ. ಮೇಲಿನ ಚೀಲ ತೆಗೆದು ಒಂದು ಮೈಕ್ರಾನ್‌ನ ಫೆಲ್ಟ್ ಚೀಲ ಅಥವಾ ಮಡಿಕೆ ಕಾರ್ಟ್ರಿಡ್ಜ್ ಹಾಕಿ. ಇಲ್ಲವೇ ಯಂತ್ರವನ್ನೇ ಗೋಡೆಯಾಚೆಗೆ, ಮಳೆ ಬೀಳದ ಕಡೆ ನಿಲ್ಲಿಸಿ. ಏಸಿ ಇಲ್ಲದ ನಮ್ಮ ಊರುಗಳ ಶೆಡ್ಡುಗಳಿಗೆ ಈ ಎರಡನೆಯ ಉಪಾಯ ಖರ್ಚಿಲ್ಲದ್ದು. ಪಕ್ಕದ ಮನೆಯ ಕಿಟಕಿ ಆ ಕಡೆಗಿಲ್ಲ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಫಿಲ್ಟರ್ ದರ್ಜೆ: ಎಲ್, ಎಂ, ಎಚ್

ಹಣ ಉಳಿಸಬಾರದ ಜಾಗ ಇದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 1995ರಲ್ಲೇ ತೀರ್ಮಾನಿಸಿ, ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ಬರುವುದು ಮುಖ್ಯವಾಗಿ ಮೂಗು ಮತ್ತು ಸೈನಸ್‌ಗಳ ಕ್ಯಾನ್ಸರ್. ಎಂಡಿಎಫ್ ಮತ್ತು ಪ್ಲೈವುಡ್‌ನ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನಲ್ಲಿದೆ. ಇನ್ನು ಬೀಟೆಯಂಥ ಮರದ ಧೂಳು ಕೆಲವರಿಗೆ ಚರ್ಮದ ತುರಿಕೆ, ಅಲರ್ಜಿ ತರುತ್ತದೆ.

ಯುರೋಪಿನ ಮಾನದಂಡದಲ್ಲಿ ಎಕ್ಸ್‌ಟ್ರಾಕ್ಟರ್‌ಗಳಿಗೆ ಮೂರು ದರ್ಜೆ. ಎಲ್ ಕ್ಲಾಸ್ ಯಂತ್ರ ಪರೀಕ್ಷೆಯ ಧೂಳಿನಲ್ಲಿ ಶೇ. 1ರವರೆಗೆ ಹೊರಬಿಡಬಹುದು, ಎಂ ಕ್ಲಾಸ್ ಶೇ. 0.1, ಎಚ್ ಕ್ಲಾಸ್ ಶೇ. 0.005. ಎಲ್‌ಗೂ ಎಂಗೂ ಹತ್ತು ಪಟ್ಟು ಅಂತರ. ಬ್ರಿಟನ್ನಿನ ಕೆಲಸದ ಸುರಕ್ಷತೆ ನೋಡಿಕೊಳ್ಳುವ ಎಚ್‌ಎಸ್‌ಇ ಮರದ ಧೂಳಿಗೆ ಎಂ ಅಥವಾ ಎಚ್ ಬಳಸಿ ಎನ್ನುತ್ತದೆ. ಎಂ ಕ್ಲಾಸ್‌ನ ಇನ್ನೊಂದು ಗುಣ ಅದರ ಎಚ್ಚರಿಕೆಯ ಸದ್ದು. ಪೈಪಿನೊಳಗಿನ ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್‌ಗಿಂತ ಕೆಳಗಿಳಿದರೆ ಯಂತ್ರ ಕೂಗಿ ಹೇಳಬೇಕು. ಈ ಸದ್ದು ಸರಿಯಾಗಿ ಬರಬೇಕಾದರೆ ಯಂತ್ರದ ಮೇಲಿನ ಗುಂಡಿಯಲ್ಲಿ ಪೈಪಿನ ಅಳತೆಯನ್ನು ಹೊಂದಿಸಬೇಕು. 27 ಮಿ.ಮೀ. ಪೈಪು ಹಾಕಿ ಗುಂಡಿಯನ್ನು 36ರಲ್ಲೇ ಬಿಟ್ಟರೆ ಸುಮ್ಮಸುಮ್ಮನೆ ಕೂಗುತ್ತಿರುತ್ತದೆ, ರೇಗಿದ ಕೆಲಸಗಾರ ಕೊನೆಗೆ ಆ ಸದ್ದಿಗೆ ಬೆಲೆ ಕೊಡುವುದನ್ನೇ ಬಿಡುತ್ತಾನೆ.

‘ಹೆಪಾ ಫಿಲ್ಟರ್ ಇದೆ’ ಎಂಬ ಮಾತನ್ನು ಬಿಡಿಸಿ ನೋಡಿ. ಎಚ್13 ದರ್ಜೆಯ ಹೆಪಾ (ಅತಿ ನಯವಾದ ಕಣ ತಡೆಯುವ ಫಿಲ್ಟರ್) ಹಾಳೆ ಶೇ. 99.95 ಕಣಗಳನ್ನು ತಡೆಯುವುದು ನಿಜ. ಆದರೆ ಆ ಹಾಳೆ ಕೂರುವ ರಬ್ಬರ್ ಸೀಲ್ ಸಡಿಲವಾಗಿದ್ದರೆ ಧೂಳು ಪಕ್ಕದಿಂದ ನುಗ್ಗುತ್ತದೆ. ಎಂ ಅಥವಾ ಎಚ್ ಕ್ಲಾಸ್ ಎಂದರೆ ಇಡೀ ಯಂತ್ರವನ್ನು ಪರೀಕ್ಷಿಸಿದ್ದಾರೆ ಎಂದರ್ಥ. ಎಲ್ ಕ್ಲಾಸ್ ಯಂತ್ರಕ್ಕೆ ಹೆಪಾ ಹಾಕಿಸಿದರೆ ಹಾಳೆಗೆ ಮಾತ್ರ ಭರವಸೆ. ಬಜೆಟ್ ಅಷ್ಟೇ ಇದ್ದರೆ ಅದನ್ನೇ ಕೊಳ್ಳಿ, ಆದರೆ ಫಿಲ್ಟರ್ ಆಚೆಯ ಸ್ವಚ್ಛ ಭಾಗವನ್ನು ವಾರಕ್ಕೊಮ್ಮೆ ಬೆರಳಿನಿಂದ ಒರೆಸಿ ನೋಡಿ. ಬೆರಳಿಗೆ ಹಿಟ್ಟು ಹತ್ತಿದರೆ ಸೀಲ್ ಸೋರುತ್ತಿದೆ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದ ತೇವದಲ್ಲಿ ಕಾಗದದ ಫಿಲ್ಟರ್ ಪಸೆ ಹೀರಿ, ಮೇಲಿನ ಧೂಳು ರೊಟ್ಟಿಯಂತೆ ಗಟ್ಟಿಯಾಗುತ್ತದೆ, ತಟ್ಟಿದರೂ ಉದುರುವುದಿಲ್ಲ. ತೊಳೆಯಬಹುದಾದ ಪಾಲಿಯೆಸ್ಟರ್ ಅಥವಾ ಪಿಟಿಎಫ್‌ಇ ಲೇಪದ ಫಿಲ್ಟರ್ ಇರುವ ಮಾಡೆಲನ್ನೇ ಆರಿಸಿ, ಎರಡು ಇಟ್ಟುಕೊಳ್ಳಿ. ತೊಳೆದದ್ದು ಮಳೆಗಾಲದಲ್ಲಿ ಒಣಗಲು ಎರಡು ಮೂರು ದಿನವೇ ಬೇಕಾಗಬಹುದು. ಅರೆಬರೆ ಒಣಗಿದ್ದನ್ನು ಕೂರಿಸಿದರೆ ಬೂಷ್ಟು ಹಿಡಿಯುತ್ತದೆ.

ಸೈಕ್ಲೋನ್ ಬೇಕೇ?

ಫ್ಲೀಸ್ ಬ್ಯಾಗ್ ಕೊಳ್ಳುತ್ತಲೇ ಇರಬೇಕಾದ ವಸ್ತು, ಸಣ್ಣ ಊರುಗಳಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಟೂಲ್‌ಗೂ ವ್ಯಾಕ್ಯೂಮ್‌ಗೂ ನಡುವೆ ಸೈಕ್ಲೋನ್ ಇಟ್ಟರೆ ಗಾಳಿ ಸುಳಿಯಾಗಿ ತಿರುಗಿ, ಭಾರದ ಹೊಟ್ಟೆಲ್ಲ ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಫಿಲ್ಟರ್‌ಗೆ ತಲುಪುವುದು ನಯವಾದ ಉಳಿಕೆ ಮಾತ್ರ. ಸಾ, ರೂಟರ್, ಪ್ಲೇನರ್ ಹೆಚ್ಚು ಬಳಸುವವರಿಗೆ ಬ್ಯಾಗಿನ ಖರ್ಚಿನಲ್ಲೇ ಇದರ ದುಡ್ಡು ಹುಟ್ಟುತ್ತದೆ. ಬರೀ ಸ್ಯಾಂಡಿಂಗ್ ಮಾಡುವವರಿಗೆ ಲಾಭ ಕಡಿಮೆ.

ಇಲ್ಲಿ ಕೆಡುವುದು ಬಕೆಟ್. 20 ಲೀಟರ್ ಪೇಂಟ್ ಬಕೆಟ್‌ನ ಮುಚ್ಚಳ ಸುಮಾರು 30 ಸೆಂ.ಮೀ. ಅಗಲ. ಪೈಪು ಕಟ್ಟಿಕೊಂಡು 20 ಕಿಲೋಪ್ಯಾಸ್ಕಲ್ ಎಳೆತ ಬಿದ್ದರೆ ಆ ಮುಚ್ಚಳವನ್ನು ಒಳಕ್ಕೆ ಒತ್ತುವ ಬಲ 140 ಕಿಲೋ ತೂಕ ಹೇರಿದಷ್ಟು. ತೆಳು ಬಕೆಟ್ ಹೊಟ್ಟೆ ಕಚ್ಚಿ ಮಡಚಿಕೊಳ್ಳುತ್ತದೆ. ಒಂದರೊಳಗೊಂದು ಎರಡು ಬಕೆಟ್ ಇಡಿ, ಮುಚ್ಚಳದ ಒಳಗೆ 12 ಮಿ.ಮೀ. ಪ್ಲೈ ತುಂಡನ್ನು ವೃತ್ತವಾಗಿ ಕೊಯ್ದು ಬೋಲ್ಟ್ ಹಾಕಿ, ಅಂಚಿಗೆ ಸಿಲಿಕೋನ್ ಹಚ್ಚಿ. ಗಾಳಿ ಎಲ್ಲಿಯಾದರೂ ಕೂದಲೆಳೆಯಷ್ಟು ಸೋರಿದರೂ ಸೈಕ್ಲೋನ್ ಕೆಲಸ ಮಾಡುವುದಿಲ್ಲ, ಬಿದ್ದ ಹೊಟ್ಟು ಮತ್ತೆ ಎದ್ದು ವ್ಯಾಕ್ಯೂಮ್ ಸೇರುತ್ತದೆ. ಬಕೆಟ್ ಮುಕ್ಕಾಲು ತುಂಬಿದಾಗಲೇ ಖಾಲಿ ಮಾಡಿ.

ಪೈಪು, ಬಾಯಿ, ಸ್ಟ್ಯಾಟಿಕ್

ಸ್ಯಾಂಡರ್‌ಗೆ 27 ಮಿ.ಮೀ. ಪೈಪು ಹಗುರ, ಕೈ ಸೋಲುವುದಿಲ್ಲ. ಸಾ ಮತ್ತು ರೂಟರ್‌ಗೆ 36ರ ಆಸುಪಾಸು ಇರಲಿ. ಕೈ ಪ್ಲೇನರ್‌ನ ಸಿಪ್ಪೆ 27ರಲ್ಲಿ ಸಿಕ್ಕಿಕೊಳ್ಳುವುದು ಖಚಿತ. ಉದ್ದ ಮೂರೂವರೆ ಮೀಟರ್ ಸಾಕು, ಹೆಚ್ಚಿದಷ್ಟೂ ಎಳೆತ ಸೋರುತ್ತದೆ.

ಕಂಪನಿಯಿಂದ ಕಂಪನಿಗೆ ಟೂಲ್‌ನ ಬಾಯಿ ಬೇರೆ ಬೇರೆ ಅಳತೆ. ಅಂಗಡಿಗೆ ಹೋಗುವಾಗ ವರ್ನಿಯರ್‌ನಲ್ಲಿ ಒಳ ಹೊರ ಎರಡೂ ಅಳತೆ ಬರೆದುಕೊಂಡು ಹೋಗಿ, ಸಾಧ್ಯವಾದರೆ ಟೂಲನ್ನೇ ಒಯ್ಯುವುದು ಇನ್ನೂ ಒಳ್ಳೆಯದು. ಮೆಟ್ಟಿಲು ಮೆಟ್ಟಿಲಾಗಿ ಕೊಯ್ಯುವ ರಬ್ಬರ್ ಅಡಾಪ್ಟರ್ ಸಿಗುತ್ತದೆ. ಸಿಗದಿದ್ದರೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಕಪ್ಲರ್ ಮತ್ತು ಸೈಕಲ್ ಟ್ಯೂಬಿನ ತುಂಡು, ಮೇಲೊಂದು ಕ್ಲಿಪ್. ಗಾಳಿ ಸೋರದಿದ್ದರೆ ಅದು ಯಾವ ಕಂಪನಿ ಅಡಾಪ್ಟರ್‌ಗೂ ಕಡಿಮೆಯಲ್ಲ.

ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಪ್ಲೈ ಕೊಯ್ಯುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ಧೂಳು ಎಳೆಯುವ ಬಾಯಿ ಅದಕ್ಕಿಲ್ಲ, ಬ್ಲೇಡ್ ಸುತ್ತಿನ ಕವಚವೂ ಮರದ ಕೆಲಸಕ್ಕೆಂದು ಮಾಡಿದ್ದಲ್ಲ. ಎಷ್ಟು ದುಬಾರಿ ಎಕ್ಸ್‌ಟ್ರಾಕ್ಟರ್ ತಂದರೂ ಈ ಟೂಲ್‌ನ ಧೂಳು ನಿಮ್ಮ ಮುಖಕ್ಕೇ. ಹಣ ಒಂದಕ್ಕೇ ಇದ್ದರೆ ಮೊದಲು ಡಸ್ಟ್ ಪೋರ್ಟ್ ಇರುವ ಸರ್ಕ್ಯುಲರ್ ಸಾ ಕೊಳ್ಳಿ, ವ್ಯಾಕ್ಯೂಮ್ ಆಮೇಲೆ. ಗ್ರೈಂಡರ್‌ಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜುವವರಿಗೂ ಇದೇ ಮಾತು. ಲೇತ್ ಕೆಲಸದ್ದು ಬೇರೆಯೇ ಕಥೆ. ಚನ್ನಪಟ್ಟಣದವರಂತೆ ಆಲೆಮರ ಕಡೆಯುವಾಗ ಚಿಮ್ಮುವ ಸಿಪ್ಪೆಯನ್ನು ಯಾವ ಪೈಪೂ ಪೂರ್ತಿ ಹಿಡಿಯಲಾರದು. ಅದನ್ನು ಗುಡಿಸಿದರಾಯಿತು. ಉಪ್ಪುಕಾಗದ ಹಿಡಿಯುವ ಹೊತ್ತಿನ ಹಿಟ್ಟನ್ನು ಹಿಡಿಯಲು ಲೇತ್ ಹಿಂದೆ, ಕೆಲಸಕ್ಕೆ ಆದಷ್ಟು ಹತ್ತಿರ, 100 ಮಿ.ಮೀ. ಪೈಪಿನ ಅಗಲ ಬಾಯಿ ಇಡಿ.

ಒಣ ಹಿಟ್ಟು ಪ್ಲಾಸ್ಟಿಕ್ ಪೈಪಿನಲ್ಲಿ ಓಡಿದರೆ ಸ್ಟ್ಯಾಟಿಕ್ ಹುಟ್ಟಿ ಕೈಗೆ ಚುರುಕು ಹೊಡೆಯುತ್ತದೆ. ಬಯಲುಸೀಮೆಯ ಫೆಬ್ರವರಿ, ಮಾರ್ಚ್‌ನಲ್ಲಿ ಇದು ಜಾಸ್ತಿ. ಆಘಾತ ಸಣ್ಣದಾದರೂ ರೂಟರ್ ಹಿಡಿದ ಕೈ ಬೆಚ್ಚಿದರೆ ಅಪಾಯ. ಆ್ಯಂಟಿಸ್ಟ್ಯಾಟಿಕ್ ಪೈಪಿನ ಚಾರ್ಜು ಯಂತ್ರದ ಮೂಲಕ ಅರ್ಥಿಂಗ್‌ಗೆ ಇಳಿಯುತ್ತದೆ, ಗೋಡೆಯ ಸಾಕೆಟ್‌ನಲ್ಲಿ ನಿಜವಾದ ಅರ್ಥಿಂಗ್ ಇದ್ದರೆ ಮಾತ್ರ. ನಡುವೆ ಪ್ಲಾಸ್ಟಿಕ್ ಸೈಕ್ಲೋನ್ ಇಟ್ಟರೆ ಆ ದಾರಿ ತುಂಡಾಗುತ್ತದೆ. ಎರಡೂ ಬದಿಯ ಪೈಪುಗಳನ್ನು ತಾಮ್ರದ ತಂತಿಯಿಂದ ಸೇರಿಸಿ.

ಕರೆಂಟ್

1200 ವ್ಯಾಟ್ ಎಕ್ಸ್‌ಟ್ರಾಕ್ಟರ್ ಮತ್ತು 1400 ವ್ಯಾಟ್ ಸಾ ಒಟ್ಟಿಗೆ ಓಡಿದರೆ 230 ವೋಲ್ಟ್‌ನಲ್ಲಿ 11 ಆಂಪಿಯರ್ ದಾಟುತ್ತದೆ. 6 ಆಂಪಿಯರ್ ಸಾಕೆಟ್‌ಗೆ ಇದು ತಾಳದು, 16 ಆಂಪಿಯರ್‌ನದ್ದೇ ಬೇಕು. 20 ಮೀಟರ್ ಎಕ್ಸ್‌ಟೆನ್ಷನ್‌ಗೆ 2.5 ಚದರ ಮಿ.ಮೀ. ವೈರ್ ಹಾಕಿಸಿ, ಸುರುಳಿ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟ ವೈರ್ ಕಾದು ಕರಗುತ್ತದೆ. ಯಂತ್ರದ ಮೇಲಿನ ಸಾಕೆಟ್ ಎಷ್ಟು ವ್ಯಾಟ್ ಟೂಲ್ ತಾಳುತ್ತದೆ ಎಂದು ಪಕ್ಕದಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಹೊರದೇಶದಿಂದ ತರಿಸಿದ ಯಂತ್ರವಾದರೆ ಆ ಸಾಕೆಟ್ ಯುರೋಪಿನ ಎರಡು ದುಂಡು ಪಿನ್ನಿನದ್ದಾಗಿರಬಹುದು. ನಮ್ಮ ಮೂರು ಪಿನ್ ಅದಕ್ಕೆ ಕೂರದು, ಅಗ್ಗದ ಅಡಾಪ್ಟರ್ ಹಾಕಿದರೆ ಅರ್ಥಿಂಗ್ ಕಳೆದುಕೊಳ್ಳುತ್ತೀರಿ.

ಯಾರಿಗೆ ಯಾವುದು

ಫ್ಲ್ಯಾಟ್‌ಗಳಲ್ಲಿ ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್ ಕೂರಿಸುವ ತಂಡಕ್ಕೆ 15ರಿಂದ 25 ಲೀಟರ್‌ನ ಎಂ ಕ್ಲಾಸ್ ಎಕ್ಸ್‌ಟ್ರಾಕ್ಟರ್. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಹೊರಬೇಕಾಗುವುದರಿಂದ ಲೀಟರ್‌ಗಿಂತ ತೂಕ ನೋಡಿ. ಎಂಡಿಎಫ್ ಹೆಚ್ಚು ಕೊಯ್ಯುವವರು ಎಲ್ ಕ್ಲಾಸ್‌ಗೆ ಇಳಿಯಲೇಬಾರದು. ತೇಗ, ಹೊನ್ನೆ, ಹಲಸಿನ ಬಾಗಿಲು ಕಿಟಕಿ ಮಾಡುವ ಶೆಡ್ಡಿಗೆ ಮೊದಲು 2 ಎಚ್‌ಪಿ ಡಸ್ಟ್ ಕಲೆಕ್ಟರ್, ನಂತರ ಸ್ಯಾಂಡರ್‌ಗೆಂದು ಒಂದು ಸಣ್ಣ ಎಕ್ಸ್‌ಟ್ರಾಕ್ಟರ್. ವಾರಾಂತ್ಯದಲ್ಲಿ ಹವ್ಯಾಸಕ್ಕೆ ಮಾಡುವವರಿಗೆ ಸಾಕೆಟ್ ಇರುವ ಎಲ್ ಕ್ಲಾಸ್, ಮೇಲೆ ಹೇಳಿದ ಬಕೆಟ್ ಸೈಕ್ಲೋನ್ ಮತ್ತು ಫ್ಲೀಸ್ ಬ್ಯಾಗ್ ಸೇರಿದರೆ ಒಳ್ಳೆಯ ಜೋಡಿ. ಇವರೆಲ್ಲರಿಗೂ ಐಎಸ್ 9473 (ಧೂಳು ತಡೆಯುವ ಮಾಸ್ಕ್‌ಗಳ ಭಾರತೀಯ ಮಾನದಂಡ) ಗುರುತಿರುವ ಮಾಸ್ಕ್ ಬೇಕು, ಯಂತ್ರ ಯಾವುದೇ ಇರಲಿ.

ಬಳಸುವಾಗ ಕಾಣುವ ಕೆಲವು ತೊಂದರೆಗಳಿವೆ. ಸ್ಯಾಂಡರ್ ಮರಕ್ಕೆ ಅಂಟಿಕೊಂಡು ಕುಣಿದರೆ, ಸುಳಿ ಗೆರೆ ಬಿದ್ದರೆ ಎಳೆತ ಹೆಚ್ಚಾಗಿದೆ. ಗುಂಡಿ ತಿರುಗಿಸಿ ತಗ್ಗಿಸಿ. ಉಪ್ಪುಕಾಗದದ ತೂತು ಪ್ಯಾಡಿನ ತೂತಿಗೆ ಹೊಂದದಿದ್ದರೆ ಯಾವ ಯಂತ್ರವೂ ಪ್ರಯೋಜನವಿಲ್ಲ. ಎಳೆತ ನಿಧಾನಕ್ಕೆ ಕುಗ್ಗಿದರೆ ಫಿಲ್ಟರ್ ಅಥವಾ ಬ್ಯಾಗ್ ತುಂಬಿದೆ. ಒಮ್ಮೆಗೇ ನಿಂತರೆ ಪೈಪಿನ ಬಾಗಿನಲ್ಲಿ ಚೂರು ಸಿಕ್ಕಿದೆ. ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಹತ್ತಿರ ಹಿಡಿದು ಊದಬೇಡಿ. ಕಾಗದದಲ್ಲಿ ಕಾಣದ ತೂತು ಬಿದ್ದು ಆಮೇಲೆ ಹಿಟ್ಟೆಲ್ಲ ಹೊರಗೆ.

ಬೆಂಕಿಯ ವಿಷಯದಲ್ಲಿ ಸಡಿಲಿಕೆ ಬೇಡ. ಹಳೆಯ ಮರದೊಳಗಿನ ಮೊಳೆಗೆ ಬ್ಲೇಡ್ ತಾಗಿದ ಕಿಡಿ ಚೀಲದೊಳಗಿನ ಹೊಟ್ಟಿನಲ್ಲಿ ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಬಹುದು. ಮೊಳೆ ತಾಗಿದೆ ಎನಿಸಿದರೆ ಚೀಲವನ್ನು ಕೂಡಲೇ ಹೊರಗೆ ಒಯ್ದು ಬಿಚ್ಚಿ ನೋಡಿ, ದಿನದ ಕೊನೆಗೆ ಹೇಗೂ ಖಾಲಿ ಮಾಡಿ. ಕಬ್ಬಿಣ ಗ್ರೈಂಡ್ ಮಾಡಿದ ಪುಡಿಯನ್ನು ಮರದ ಹೊಟ್ಟಿರುವ ಯಂತ್ರದಲ್ಲಿ ಎಳೆಯಬೇಡಿ. ಥಿನ್ನರ್, ಪಾಲಿಶ್ ಹಸಿಯಾಗಿರುವ ಮೇಲ್ಮೈಯ ಹತ್ತಿರ ವ್ಯಾಕ್ಯೂಮ್ ಓಡಿಸಬೇಡಿ, ಬ್ರಷ್ ಮೋಟಾರ್‌ನ ಕಿಡಿಗೆ ಆ ಆವಿ ಹೊತ್ತಿಕೊಳ್ಳಬಹುದು.

ಕೊಳ್ಳುವ ದಿನ ಅಂಗಡಿಯಲ್ಲೇ ಯಂತ್ರ ಚಾಲೂ ಮಾಡಿಸಿ, ಪೈಪಿನ ಬಾಯಿ ಅಂಗೈಯಿಂದ ಮುಚ್ಚಿ. ಡ್ರಮ್ಮಿನ ಕ್ಲಿಪ್ಪುಗಳ ಸುತ್ತ ಸುಯ್ ಎಂಬ ಸದ್ದು ಬಂದರೆ ಸೀಲ್ ಸರಿಯಿಲ್ಲ, ಬೇರೆ ಪೀಸ್ ಕೇಳಿ. ಆಮೇಲೆ ಆ ಮಾಡೆಲಿನ ಫಿಲ್ಟರ್, ಬ್ಯಾಗ್, ಕಾರ್ಬನ್ ಬ್ರಷ್ ಮೂರೂ ಅಂಗಡಿಯಲ್ಲಿ ಈಗಲೇ ಇವೆಯೇ ಎಂದು ಕೇಳಿ, ಬಿಲ್ಲಿಗೆ ಒಂದು ಫಿಲ್ಟರನ್ನೂ ಒಂದು ಕಟ್ಟು ಬ್ಯಾಗನ್ನೂ ಸೇರಿಸಿ. ‘ತರಿಸಿಕೊಡ್ತೀವಿ ಸಾರ್’ ಎಂಬ ಉತ್ತರ ಬಂದರೆ, ಸ್ಪೇರ್ ಕೈಗೆ ಸಿಗುವ ಇನ್ನೊಂದು ಮಾಡೆಲ್ ನೋಡಿ.